ನನ್ನ ತಲೆಯೊಳಗೆ ಗಾರೆ ಹಾಕುತ್ತಿರುವ ಸುಣ್ಣದವರಿಗೆ

ನನ್ನ ಮಿದುಳಿನ ರಕ್ತನಾಳಗಳಲ್ಲಿ ಬಿಡಾರ ಹೂಡಿರುವ ಮಾನ್ಯ ಸುಣ್ಣ ಮಹಾಶಯರೇ,

ನ್ಯೂ ಮೆಕ್ಸಿಕೋದ ಗುಡ್ಡದೂರಿನ ಗಾರೆಯವ ಎಲೀಹಿಯೊ ತಫೋಯ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂಬುದನ್ನು ಸ್ಕ್ಯಾನ್ ಚಿತ್ರದಲ್ಲಿ ಕಣ್ಣಾರೆ ಕಂಡೆ. ನನ್ನ ಕ್ಷೇಮ ವಿಚಾರಿಸಬೇಡಿ. ಏಳನೇ ತರಗತಿಗೆ ಶಾಲೆ ಬಿಟ್ಟವನಾದ್ದರಿಂದ ಪತ್ರದಲ್ಲಿ ತಪ್ಪಿದ್ದರೆ ಮನ್ನಿಸಬೇಕು. ಅದರಲ್ಲಿ ಅರ್ಧ ತಮ್ಮದೇ ಇದ್ದರೂ ಇರಬಹುದು.

ಹೋದ ತಿಂಗಳು ನಾನೇ ಕಟ್ಟಿದ ಬಾಗಿಲಿಗೆ ನಾನೇ ತಲೆ ಬಡಿದುಕೊಂಡು, ಒಳಗೆ ರಕ್ತ ಸೋರಿದೆಯೇನೋ ಎಂದು ಹೆದರಿ ಆಸ್ಪತ್ರೆಗೆ ಓಡಿದೆ. ರಕ್ತ ಸೋರಿರಲಿಲ್ಲ, ತಾವಿದ್ದಿರಿ. "ಡಯಾಲಿಸಿಸ್ ಮಾಡಿಸ್ಕೊಳ್ಳೋ ತುಂಬ ಜನಕ್ಕೆ ಹೀಗೆ ರಕ್ತನಾಳದಲ್ಲಿ ಸುಣ್ಣ, ಅಂದ್ರೆ ಕ್ಯಾಲ್ಸಿಯಂ, ಕಟ್ಟುತ್ತೆ. ಕೆರೆದು ತೆಗೆಯೋಕಾಗಲ್ಲ, ಹೆಚ್ಚಾಗದ ಹಾಗೆ ನೋಡ್ಕೋಬೇಕು" ಎಂದರು ಡಾಕ್ಟರಮ್ಮ. ಮೂವತ್ನಾಲ್ಕು ವರ್ಷ ಗೋಡೆ ಮೆತ್ತಿದವನಾಗಿ ಹೇಳುತ್ತೇನೆ, ಕರಣೆಯಿಲ್ಲದೆ, ಸಾರುವೆಯಿಲ್ಲದೆ, ಕೂದಲಿನಷ್ಟು ಸಣ್ಣ ಕೊಳವೆಯ ಒಳಮೈಗೆ ಇಷ್ಟು ಗಟ್ಟಿ ಗಾರೆ ಹಾಕುವ ಕೈ ನನಗೆ ಸಿಕ್ಕಿದ್ದರೆ ನಮ್ಮ ಚರ್ಚಿನ ಗೋಡೆ ಮೂರು ಸಲ ಉದುರುತ್ತಿರಲಿಲ್ಲ.

ಅಂದಿನಿಂದ ಏನು ಮರೆತರೂ ತಮ್ಮನ್ನೇ ನೆನೆಯುತ್ತೇನೆ. ಬೀಗದ ಕೈ ಕಾಣದೆ ಕಂಗಾಲಾದಾಗ ಹೆಂಡತಿ ಒಫೇಲಿಯಾ, "ಮದುವೆ ದಿನಾನೂ ಅದನ್ನೇ ಹುಡುಕ್ತಿದ್ದೆಯಲ್ಲ ಮಾರಾಯ, ಆಗ ಯಾವ ಸುಣ್ಣ ಇತ್ತು?" ಎಂದಳು. ಆದರೆ ನನ್ನ ಹೆದರಿಕೆ ಬೀಗದ ಕೈಯದಲ್ಲ. ಹೆಣದ ಮುಂದೆ ಹಾಡುವ ಮೂವತ್ತೊಂದು ಹಾಡುಗಳು ಈ ತಲೆಯಲ್ಲಿ ಮಾತ್ರ ಇವೆ. ಬರೆದಿಟ್ಟರೆ ನಾಲಿಗೆ ಸೋಮಾರಿಯಾಗುತ್ತದೆಂದು ಅಪ್ಪ ಬಾಯಿಂದ ಬಾಯಿಗೆ ಕಲಿಸಿದವು ಅವು. ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ತಮ್ಮನ್ನು ಕರೆತಂದವನೂ ನಾನೇ ಎಂದು ನಾಚಿಕೆಯಿಂದ ಒಪ್ಪುತ್ತೇನೆ. ಹಾಡಿದವನನ್ನು ಸತ್ತವರ ಮನೆಯವರು ಉಣಿಸದೆ ಕಳಿಸುವುದಿಲ್ಲ. ಬೀನ್ಸು, ಮೇಲೆ ಕೈತುಂಬ ಚೀಸು. ತಮ್ಮನ್ನು ಬೆಳೆಸುವ ಊಟದ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಹೊಟ್ಟೆಯಲ್ಲೇ ಹಿಡಿದಿಡುವ ಮೂರು ಗುಳಿಗೆ ಜೇಬಿನಲ್ಲಿರುತ್ತಿದ್ದವು. ಆದರೆ ಹೆಣದ ಮನೆಯಲ್ಲಿ ಗುಳಿಗೆ ತೆಗೆದರೆ 'ಮುಂದಿನ ಸರದಿ ಇವನದೇ' ಎಂದು ಜನ ಕಣ್ಣಿಡುತ್ತಾರಲ್ಲ. ಹಾಗಾಗಿ ಮನೆಗೆ ಬಂದು ಮೂರನ್ನೂ ಒಟ್ಟಿಗೆ ನುಂಗಿ, ಲೆಕ್ಕ ಸರಿಹೋಯಿತೆಂದು ಮಲಗುತ್ತಿದ್ದೆ. ಗುಳಿಗೆ ಅನ್ನದ ಜೊತೆಗೇ ಹೋಗಬೇಕು, ಹಿಂದಿನಿಂದ ಓಡಿಹೋಗಿ ಹಿಡಿಯುವುದಿಲ್ಲವೆಂದು ಡಯಾಲಿಸಿಸ್ ಶುರುವಾಗಿ ಒಂಬತ್ತು ವರ್ಷದ ಮೇಲೆ ತಿಳಿಯಿತು. ಗೋಡೆ ಒಣಗಿದ ಮೇಲೆ ನೀರು ಬೆರೆಸುವ ಕೂಲಿಯವನನ್ನು ನಾನು ಅಂದೇ ಮನೆಗೆ ಕಳಿಸುತ್ತಿದ್ದೆ.

ಆದ್ದರಿಂದ ಸವಿನಯ ಪ್ರಾರ್ಥನೆ: ಕೆಲಸ ಮುಂದುವರಿಸಲೇಬೇಕೆಂದಿದ್ದರೆ, ಭಾವಮೈದುನನೊಡನೆ ಆಡಿದ ಜಗಳಗಳಿರುವ ಓಣಿಯಿಂದ ಶುರುಮಾಡಿ. ಹಾಡುಗಳ ಬೀದಿಯನ್ನು ಕಡೆಗಿಡಿ.

ಆದರೆ ಪ್ರಾರ್ಥನೆ ತಡವಾಯಿತೆಂದು ಕಾಣುತ್ತದೆ. ಹೋದ ಮಂಗಳವಾರ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು, ಪರೀಕ್ಷೆಗೆಂದು ಒಂದು ಹಾಡನ್ನು ಗುನುಗಿದೆ. ನಾಲ್ಕನೇ ಚರಣದಲ್ಲಿ ಮುಂದಿನ ಸಾಲು ಮರೆತುಹೋಯಿತು. ಗಾಬರಿಯಲ್ಲಿ ಸೂಜಿ ಚುಚ್ಚಿದ ಕೈ ಮಡಚಿದೆ. ಯಂತ್ರ ಕೂಗಿತು, ನರ್ಸ್ ಶನೀಸ್ ಓಡಿಬಂದಳು. ಆಗ ಪಕ್ಕದ ಕುರ್ಚಿಯ ಲೊರೆನ್ಸಾ ಕಣ್ಣು ಮುಚ್ಚಿಕೊಂಡೇ ಉಳಿದ ಸಾಲು ಹಾಡಿ ಮುಗಿಸಿದಳು. "ನನ್ನ ಗಂಡನಿಗೆ ನೀನೇ ಹಾಡಿದ್ದಲ್ವಾ ಅಣ್ಣ, ನಾನು ಹೇಗೆ ಮರೀಲಿ?" ಎಂದಳು.

ಲೊರೆನ್ಸಾಳ ತಲೆಯಲ್ಲೂ ತಮ್ಮ ನೆಂಟರಿರಬಹುದೆಂದು ಬಲ್ಲೆ. ಅದಕ್ಕೇ ಈಗ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ನಾವಿಬ್ಬರೂ ಸೇರಿ ಶನೀಸಳಿಗೆ ಪಾಠ ಹೇಳುತ್ತಿದ್ದೇವೆ. ಅವಳ ರಾಗ ಸುಮಾರು. ಮೂತ್ರಪಿಂಡಗಳು ಮಾತ್ರ ಬಹಳ ಚೆನ್ನಾಗಿವೆ.

ಒಲ್ಲದ ಮನೆಯೊಡೆಯನಾದರೂ ಎಂದೆಂದಿಗೂ
ತಮ್ಮ ವಿಶ್ವಾಸಿ,
ಎಲೀಹಿಯೊ ತಫೋಯ

ತಾ.ಕ. (ನಾಲ್ಕು ತಿಂಗಳ ಮೇಲೆ): ನಿನ್ನೆ ಸತ್ತವರ ಮನೆಯಲ್ಲಿ ಎಲ್ಲರೆದುರೇ ತುತ್ತಿನ ಜೊತೆ ಗುಳಿಗೆ ನುಂಗಿದೆ. ಜನ ನೋಡಿದರು. ನೋಡಲಿ. ಶನೀಸ್ ಹತ್ತೊಂಬತ್ತು ಹಾಡು ಕಲಿತಿದ್ದಾಳೆ, ಇನ್ನು ಹನ್ನೆರಡಿವೆ. ಒಳ್ಳೆಯ ಗಾರೆಯವನು ಆತುರಪಡುವುದಿಲ್ಲವೆಂದು ತಮಗೆ ನಾನು ಹೇಳಬೇಕಾಗಿಲ್ಲ.