ಎಮ್ಮೆ ಮೇದ ಕಾಡುಭತ್ತ

ಮೇಘಾ: ಅದು ಕಸ ಅಲ್ಲಪ್ಪಾ, ನನ್ನ ಪಿಎಚ್‌ಡಿ!

ಮೇಘಾಳಿಗೆ ಅಳುವೇ ಬಂದಿತ್ತು. ಧಾರವಾಡದಲ್ಲಿ ಭತ್ತದ ಮೂಲದ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಆಕೆ, ಗದ್ದೆಯಂಚಿನ ಕಾಡುಭತ್ತದ ಎಲೆಗಾಗಿಯೇ ಹುಕ್ಕೇರಿ ಕಡೆಯ ತನ್ನೂರಿಗೆ ಬಂದಿದ್ದಳು. ಅಪ್ಪ ಬಾಪುಸಾಹೇಬರು ಮುಂಜಾನೆಯೇ ಅದನ್ನೆಲ್ಲ ಕಿತ್ತು ಎಮ್ಮೆಗೆ ಹಾಕಿ ಕೈ ತೊಳೆದುಕೊಂಡಿದ್ದರು.

ಬಾಪುಸಾಹೇಬ: ನೀ ಬರ್ತಿ ಅಂತನ ಗದ್ದಿ ಚೊಕ್ಕ ಮಾಡೇನಿ. ನಮ್ಮ ಭತ್ತದ ಎಲಿ ಒಯ್ಯಿ.

ಮೇಘಾ: ಎರಡೂ ಬೇಕು. ಎರಡರ ಮೈಟೋಕಾಂಡ್ರಿಯಾದ ಡಿಎನ್‌ಎ ಹೋಲಿಸಿ ನೋಡಿದ್ರ, ಇವು ಯಾವಾಗ ಬ್ಯಾರೆ ಆದ್ವು ಅಂತ ತಿಳೀತೈತಿ.

ಬಾಪುಸಾಹೇಬ: ಬ್ಯಾರೆ? ನಮ್ಮ ಮನಿತನದಾಗ ಯಾರೂ ಬ್ಯಾರೆ ಆಗಿಲ್ಲ!

ಹಿಟ್ಟಿನ ಕೈಯಲ್ಲೇ ತಾಯಿ ಜಿನ್ನವ್ವ ಅಡುಗೆಮನೆಯಿಂದ ಹೊರಬಂದರು.

ಜಿನ್ನವ್ವ: ಆಕಿ ಭತ್ತದ ಸುದ್ದಿ ಹೇಳಾಕತ್ತಾಳ್ರಿ. ಏನವ್ವಾ ಅದು, ಮೈಟೋ?

ಮೇಘಾ: ಜೀವಕೋಶದಾಗಿನ ಒಲಿ ಇದ್ದಂಗವ್ವಾ. ಶಕ್ತಿ ತಯಾರಾಗೋದು ಅಲ್ಲೇ. ಭತ್ತದಾಗ ಅದು ತಾಯಿ ಕಡಿಂದಷ್ಟ ಬರತೈತಿ.

ಜಿನ್ನವ್ವ: ಒಲಿ ಅಂದಮ್ಯಾಲೆ ಮತ್ತ್ಯಾರ ಕಡಿಂದ ಬರಬೇಕು? ಅಪ್ಪ ಎಂದಾರ ಒಲಿ ಹಚ್ಚ್ಯಾನೇನು?

ಬಾಪುಸಾಹೇಬ: ಬೀಜ ನಮ್ಮ ಅಪ್ಪಂದು!

ಜಿನ್ನವ್ವ: ನಿಮ್ಮ ಅಪ್ಪ ಬಿತ್ತ್ಯಾರ, ಹಡದಿಲ್ಲ.

ಮೇಘಾಳಿಗೆ ನಗು ಬಂದಿತಾದರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಎಲೆ ಇಲ್ಲದೆ ಹೋದರೆ ಒಂದು ವರ್ಷದ ಕೆಲಸವೇ ನೀರುಪಾಲು. ಮಗಳ ಮುಖ ಬಾಡಿದ್ದು ನೋಡಿ ಬಾಪುಸಾಹೇಬರ ದನಿ ಇಳಿಯಿತು.

ಬಾಪುಸಾಹೇಬ: ಮತ್ತೆಲ್ಲೂ ಸಿಗೂದಿಲ್ಲೇನು?

ಜಿನ್ನವ್ವ: ಯಾಕ ಸಿಗೂದಿಲ್ರಿ? ಗೋಕಾಕ ಕಡೆ ನನ್ನ ತಮ್ಮ ಸನ್ಮತಿ ಗದ್ದ್ಯಾಗ ಐತಿ. ‘ಮೈಗಳ್ಳ, ಕಸಾ ಬೆಳಸ್ಯಾನ’ ಅಂತ ಹೋದಲ್ಲೆಲ್ಲಾ ಡಂಗುರ ಹೊಡಿತೀರಲ್ಲ, ಅದ!

ಬಾಪುಸಾಹೇಬರು ಒಂದಿಷ್ಟು ಹೊತ್ತು ಮೀಸೆ ತುರಿಸಿಕೊಂಡು, ಕೊನೆಗೆ ಫೋನೆತ್ತಿದರು.

ಬಾಪುಸಾಹೇಬ: ಸನ್ಮತಿ, ಆರಾಮ ಅದಿಯೇನಪಾ? ನಿನ್ನ ಗದ್ದ್ಯಾಗ ಕಸ... ಅಲ್ಲ, ಕಾಡಭತ್ತ ಐತೇನು?

ಸನ್ಮತಿಯ ದನಿ ಪಡಸಾಲೆಗೆಲ್ಲ ಕೇಳಿಸಿತು.

ಸನ್ಮತಿ: ನಿಮ್ಮ ಬೈಗುಳ ಕೇಳಲಾರದ ಇವತ್ತ ಕೀಳಾಕ ಆಳು ಹಚ್ಚೇನ್ರಿ ಮಾಮಾ. ಅರ್ಧಾ ಆತು.

ಬಾಪುಸಾಹೇಬ: ಲೇ, ನಿಲ್ಲಸೋ! ಮಗಳ ಸಂಶೋಧನೆಗೆ ಬೇಕದು, ಆಕಿನ್ನ ಕರಕೊಂಡು ಈಗ ಹೊಂಟೆ!

ಸನ್ಮತಿ: ಬರ್ರಿ. ಆದ್ರ ಇನ್ನಮ್ಯಾಲೆ ನನಗ ಮೈಗಳ್ಳ ಅನ್ನಾಂಗಿಲ್ಲ, ಸಂಶೋಧಕ ಅನಬೇಕು.

ಬಾಪುಸಾಹೇಬ: ಡಾಕ್ಟರ್ ಸನ್ಮತಿ ಅಂತೇನೋ ಮಾರಾಯಾ! ಮೊದಲ ಆ ಆಳಿನ ಕೈಯಾಗಿನ ಕುರಪಿ ಕಸಕೋ!