ಮಾವನ ಹಸಿರು ಗಡಿಯಾರ

ಮಲ್ಕಪ್ಪನಿಗೆ ಒಂದು ಚಾಳಿ ಇತ್ತು. ಬೆಲೆಬಾಳುವ ವಸ್ತು ಒಂದೇ ಕಡೆ ಇದ್ದರೆ ಕಳ್ಳರಿಗೆ ಗೊತ್ತಾಗುತ್ತದೆಂದು ದಿನಾ ಅದರ ಜಾಗ ಬದಲಿಸುತ್ತಿದ್ದ. ಕಳ್ಳರಿಗೆ ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ಮಲ್ಕಪ್ಪನಿಗೂ ಗೊತ್ತಾಗುತ್ತಿರಲಿಲ್ಲ.

ಈ ಸಲ ಕಾಣೆಯಾದದ್ದು ಮಾವನ ಕೈಗಡಿಯಾರ. ದೇವಾಪುರದ ಶಾಲೆಯಲ್ಲಿ ಗಂಟೆ ಬಾರಿಸುವ ಕೆಲಸ ಸಿಕ್ಕಾಗ ಬಳಿಚಕ್ರ ಊರಿನ ಮಾವ ಬಸವಂತರಾಯ ಅದನ್ನು ಕೊಟ್ಟಿದ್ದ. ಕತ್ತಲಲ್ಲಿ ಅದರ ಅಂಕಿಗಳು ಬೆಕ್ಕಿನ ಕಣ್ಣಿನಂತೆ ಹಸಿರಾಗಿ ಹೊಳೆಯುತ್ತಿದ್ದವು. ಕೊಡುವಾಗಲೇ ಹೇಳಿದ್ದ: “ಅಳಿಯಾ, ಗಡಿಯಾರ ಕಾಯಲಾರದಾವ ನನ್ನ ಮಗಳನ್ನ ಹೆಂಗ ಕಾಯ್ತಾನ? ಇದು ಕಳೀತಂದ್ರ ಆಕಿನ್ನ ಕರಕೊಂಡು ಹೋಗ್ತೀನಿ, ನೋಡು.”

ಆ ಮಾವ ಇವತ್ತು ಬಸ್ಸಿಗೆ ಬರುವವನಿದ್ದ.

ಮಲ್ಕಪ್ಪ ಹಿಟ್ಟಿನ ಡಬ್ಬಿಯಲ್ಲಿ ಕೈಯಾಡಿಸಿದ, ಕೌದಿ ಕೊಡವಿದ, ಕುರಿಗಳ ನಡುವೆ ತೂರಿ ಟಗರಿನಿಂದ ಗುದ್ದಿಸಿಕೊಂಡ. ಹೆಂಡತಿ ಬಾಲಮ್ಮ ಮಹಾನವಮಿಗೆಂದು ಎರಡು ದಿನದಿಂದ ಗೋಡೆಗೆ ಮಣ್ಣು ಮೆತ್ತುತ್ತಿದ್ದವಳು ಕೇಳಿದಳು: “ಏನ್ ಹುಡಕಾಕತ್ತೀರಿ?”

“ಏನಿಲ್ಲ... ಹಲ್ಲಿ.”

ಪಕ್ಕದ ಮನೆಯ ದಾವಲಬೀ ಗೋಡೆಯ ಮೇಲಿಂದ ಇಣುಕಿದಳು. “ಹಿಟ್ಟಿನಾಗ ಹಲ್ಲಿ? ಯಾ ಅಲ್ಲಾ! ಬಾಲವ್ವಾ, ಮೊದಲ ಆ ಹಿಟ್ಟು ಚೆಲ್ಲು!”

ಬಾಲಮ್ಮ ವಾರದ ಹಿಟ್ಟು ಚೆಲ್ಲಿದಳು.

ಶಾಲೆಯಲ್ಲಿ ಮಲ್ಕಪ್ಪ ಕಂಬದ ನೆರಳು ನೋಡಿ ಗಂಟೆ ಬಾರಿಸಬೇಕಾಯಿತು. ಮೋಡ ಕವಿದದ್ದೇ ನೆರಳೂ ಹೋಯಿತು. ಊಟದ ಗಂಟೆ ಹತ್ತೂವರೆಗೇ ಬಡಿಯಿತು. ಮಕ್ಕಳು ಹೋ ಎಂದು ಮನೆಗೆ ಓಡಿದರು.

“ಮಲ್ಕಪ್ಪಾ, ನಿನಗ ಹಸಿವಾದ್ರ ಊರಿಗೆಲ್ಲ ಹಸಿವಾಗ್ತದೇನೋ?” ಎಂದರು ಹೆಡ್ ಮಾಸ್ತರರು.

ಬೈಸಿಕೊಂಡು ಮನೆಗೆ ಬಂದರೆ ಬಾಗಿಲಲ್ಲಿ ಜೀಪು, ಸುತ್ತ ಓಣಿಯೆಲ್ಲ. ಗುಡ್ಡದ ಕಲ್ಲು ಪರೀಕ್ಷೆಗೆ ಬಂದ ಸಾಹೇಬರೊಬ್ಬರು ನೀರು ಕೇಳಿ ಒಳಗೆ ಬಂದಿದ್ದರಂತೆ. ಅವರ ಹೆಗಲ ಪೆಟ್ಟಿಗೆ ಹಿಂದಿನ ಗೋಡೆಯ ಹತ್ತಿರ ಹೋದದ್ದೇ ಹಂಚಿನ ಮೇಲೆ ಜೋಳ ಹುರಿದಂತೆ ಚಟಚಟ ಸಿಡಿಯತೊಡಗಿತ್ತು.

“ಹೊನ್ನಿನ ಕೊಡ!” ಎದುರು ಮನೆಯ ಗೊಲ್ಲಾಳಮ್ಮ ಸಾರಿದಳು. “ನಮ್ಮವ್ವ ಮೊದಲಽ ಹೇಳತಿದ್ಲು!”

“ಹೊನ್ನಲ್ಲವ್ವಾ. ಇದು ಯುರೇನಿಯಂ ಹುಡುಕೋ ಪೆಟ್ಟಿಗಿ,” ಎಂದರು ಸಾಹೇಬರು.

“ಹಂಗಾರ ಸರಕಾರ ಮನಿ ಕಿತ್ಕೊಂತದ!” ಎಂದು ದಾವಲಬೀ ಕೂಗಿದಳು. ಯಾರೂ ಕೇಳದಿದ್ದರೂ ಕೊಡಪಾನಗಳನ್ನು ಹೊರಗೆ ಸಾಗಿಸತೊಡಗಿದಳು.

ಅಷ್ಟರಲ್ಲಿ ಕೈಚೀಲ ಹಿಡಿದು ಮಾವ ಬಂದ. “ಏನಿದು ಸಂತಿ? ಅಳಿಯಾ, ಗಡಿಯಾರ ಎಲ್ಲಿ?”

ಮಲ್ಕಪ್ಪ ಬರಿಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಬಾಲಮ್ಮ ಒಮ್ಮೆ ಗಂಡನನ್ನು, ಒಮ್ಮೆ ಅಪ್ಪನನ್ನು ನೋಡಿದಳು. ಅವಳಿಗೆ ಎಲ್ಲ ತಿಳಿಯಿತು, ಕಣ್ಣು ತುಂಬಿತು.

ಸಾಹೇಬರು ಸುತ್ತಿಗೆಯಿಂದ ಹಸಿ ಮಣ್ಣನ್ನು ಮೆಲ್ಲಗೆ ಕೆದರಿದರು. ಒಳಗಿಂದ ಒಂದು ಅರಿವೆಯ ಗಂಟು ಉದುರಿತು. ಗಂಟಿನಲ್ಲಿ ಗಡಿಯಾರ!

“ಅಯ್ಯ! ಇಲಿ ತೂತಂತ ಕಲ್ಲು ಜಡದು ಮೆತ್ತೀನಲ್ಲ!” ಎಂದಳು ಬಾಲಮ್ಮ.

ಮಲ್ಕಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವದ ಜತೆಗೆ ನಾಲಿಗೆಯೂ ಬಂತು. “ಕಳ್ಳರ ಕಾಟ ನೋಡ್ರಿ ಮಾವಾರ. ಅದಕ್ಕಽ ಗೋಡ್ಯಾಗ ಇಟ್ಟಿದ್ದೆ.”

“ಭಲೆ!” ಮಾವ ಮದುವೆಯಾದಾಗಿನಿಂದ ಮೊದಲ ಸಲ ಅಳಿಯನ ಬೆನ್ನು ತಟ್ಟಿದ. ಬಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಸಾಹೇಬರು ಮಾತ್ರ ನಗಲಿಲ್ಲ. “ಗಾಜು ಒಡದದ. ಈ ಹಸಿರು ಬಣ್ಣ ರೇಡಿಯಂದು, ಪುಡಿ ಉದರಾಕತ್ತದ. ಹೊಟ್ಟಿಗೆ ಹೋದ್ರ ಎಲುಬಿನಾಗ ಸೇರಿ ಕೂಡ್ತದ. ಇನ್ನ ಕೈಗೆ ಕಟ್ಟಬ್ಯಾಡ್ರಿ.”

“ಹಂಗಾರ ಬಾವಿಗೆ ಒಗೀರಿ,” ಎಂದಳು ಗೊಲ್ಲಾಳಮ್ಮ.

“ಯವ್ವಾ, ನೀರಿಗೆ ಬ್ಯಾಡ!” ಎಂದರು ಸಾಹೇಬರು. “ ಜಿಗಟು ಮಣ್ಣೇ ಛಲೋ. ರೇಡಿಯಂ ಹಿಡಕೊಂಡ್ರ ಲಗೂನ ಬಿಡಾಂಗಿಲ್ಲ.”

ಎಲ್ಲರ ಕೈ ತೊಳೆಸಿ, ಗಡಿಯಾರವನ್ನು ಡಬ್ಬಿಯಲ್ಲಿಟ್ಟು ಜಿಗಟು ಮಣ್ಣು ತುಂಬಿ, ಬಾವಿಯಿಂದ ದೂರ ಹಿತ್ತಲ ಮೂಲೆಯಲ್ಲಿ ಆಳಕ್ಕೆ ಹೂತರು. “ಜೀಪಿನಾಗ ಒಯ್ದ್ರ ನನ್ನ ಪೆಟ್ಟಿಗಿ ಇದನ್ನಽ ಕೂಗ್ತದ, ಕಲ್ಲಿನ ದನಿ ಕೇಳಾಂಗಿಲ್ಲ. ಹೈದರಾಬಾದಿಗೆ ಬರೀತೀನಿ, ಎಂಟು ದಿನದಾಗ ಬಂದು ಒಯ್ತಾರ. ಅಲ್ಲೀತನ ಯಾರೂ ಅಗೀಬಾರದು.”

“ಯಾರು ಅಗೀತಾರ ನೋಡ್ತೀನಿ!” ಮಾವ ಹಿತ್ತಲ ಬೇವಿನ ಮರದ ಕೆಳಗೆ ಹೊರಸು ಹಾಕಿಸಿ ಅದರ ಮೇಲೆ ಕಾಲು ಚಾಚಿದ. “ಗಡಿಯಾರ ಹೋಗೋತನ ನಾ ಇಲ್ಲೇ.”

ಎಂಟೇ ದಿನವಲ್ಲವೇ, ಹೆಂಡತಿ ಉಳಿದಳಲ್ಲ ಎಂದು ಮಲ್ಕಪ್ಪ ಸಮಾಧಾನಪಟ್ಟ.

ಆದರೆ ಅದು ಐವತ್ತಾರನೆಯ ಇಸವಿ. ಮಹಾನವಮಿ ಮುಗಿದು ನವೆಂಬರ್ ಬಂತು. ಸುರಪುರ, ಶಹಾಪುರ, ಯಾದಗಿರಿ ಎಲ್ಲ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ನಿಮ್ಮ ಊರು ಈಗ ನಮ್ಮದಲ್ಲ ಎಂದು ಹೈದರಾಬಾದಿನಿಂದ ಬರೆದರು. ಕಾಗದಪತ್ರ ಇನ್ನೂ ಬಂದಿಲ್ಲ ಎಂದು ಬೆಂಗಳೂರಿನಿಂದ ಬರೆದರು.

ಮಾವನ ಹೊರಸು ಅಲ್ಲೇ ಇತ್ತು. ದಿನಾ ಸರಿಯಾಗಿ ಹನ್ನೆರಡಕ್ಕೆ “ಬಾಲವ್ವಾ, ರೊಟ್ಟಿ!” ಎಂಬ ಅವನ ಕೂಗು ಶಾಲೆಯವರೆಗೆ ಕೇಳುತ್ತಿತ್ತು, ಮಲ್ಕಪ್ಪ ಊಟದ ಗಂಟೆ ಬಾರಿಸುತ್ತಿದ್ದ. ಒಂದು ನಿಮಿಷವೂ ತಪ್ಪುತ್ತಿಲ್ಲವೆಂದು ಹೆಡ್ ಮಾಸ್ತರರಿಗೆ ಬಹಳ ಸಂತೋಷ.

ಯುಗಾದಿಯ ಹೊತ್ತಿಗೆ ಸಾಹೇಬರ ಕಾರ್ಡು ಬಂತು. ಮಲ್ಕಪ್ಪ ಆಸೆಯಿಂದ ಮಾವನ ಮುಂದೆ ಜೋರಾಗಿ ಓದಿದ: “ಅದು ಹೂತಲ್ಲೇ ಇರಲಿ. ರೇಡಿಯಂನ ಕಸುವು ಅರ್ಧಕ್ಕೆ ಇಳಿಯಲು ಸಾವಿರದ ಆರುನೂರು ವರ್ಷ ಬೇಕು.”

ಮಾವ ತಲೆದಿಂಬು ಸರಿಮಾಡಿಕೊಂಡ. “ಇರ್ಲಿ ಬಿಡು ಅಳಿಯಾ. ನನಗೇನು ಅವಸರಿಲ್ಲ.”