ಬಾಯಿಗೆ ಹೆಪ್ಪು ಹಾಕಿದ್ದು

ಹಾಲಿಗೆ ಹೆಪ್ಪು ಹಾಕುವುದನ್ನು ಅರವತ್ತು ವರ್ಷ ನೋಡಿದವನಿಗೆ ಬಾಯಿಗೆ ಹೆಪ್ಪು ಹಾಕುವುದೇನು ಮಹಾ ಕೆಲಸ ಎಂದುಕೊಂಡೆ.

ಕಾರಣ ನನ್ನ ಮೊಮ್ಮಗಳು ಗೌರಿ. ನರೋಣಾದಿಂದ ಬಂದಾಗಲೆಲ್ಲ, ಮುದ್ದು ಕೊಡು ಎಂದರೆ ಮೂಗು ಮುಚ್ಚಿಕೊಂಡು ಅಜ್ಜಿಯ ಸೆರಗಿನೊಳಗೆ ಓಡುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು. ಈ ಸಲ ಅವಳು ಬರುವ ಮೊದಲೇ ಜೇವರ್ಗಿಯ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬಾಯಲ್ಲಿ ಒಳ್ಳೆಯ ಸೂಕ್ಷ್ಮಾಣುಗಳೂ ವಾಸಿಸುತ್ತವೆ, ಬೀಡಿ ಹೊಗೆಗೆ ಅವು ಕಡಿಮೆಯಾಗಿ, ಗಾಳಿ ಬೇಡದ ಕೆಟ್ಟವು ವಸಡಿನ ಸಂದಿಯಲ್ಲಿ ಮನೆ ಮಾಡುತ್ತವೆ, ಬೀಡಿ ಬಿಟ್ಟರೆ ಒಳ್ಳೆಯವು ನಿಧಾನವಾಗಿ ಮರಳುತ್ತವೆ ಎಂದರು. 'ಬೀಡಿ ಬಿಟ್ಟರೆ' ಎಂಬಲ್ಲಿ ನನ್ನ ಕಿವಿ ಸ್ವಲ್ಪ ಮಂದವಾಯಿತು. ಬಿಟ್ಟು ವರ್ಷವಾಯಿತೆಂದು ಹೆಂಡತಿ ಶಾಂತಾಬಾಯಿಗೆ ಆಗಲೇ ಹೇಳಿಯಾಗಿತ್ತು. ಬಿಟ್ಟದ್ದನ್ನು ಮತ್ತೆ ಬಿಡುವುದು ಹೇಗೆ?

ಮೊಸರಿನಲ್ಲಿರುವವೂ ಒಳ್ಳೆಯ ಸೂಕ್ಷ್ಮಾಣುಗಳೇ ಅಲ್ಲವೇ? ಗೌರಿ ಬರುವ ದಿನ ಗಡಿಗೆಯಲ್ಲಿದ್ದ ಹೆಪ್ಪಿನ ಮೊಸರನ್ನೆಲ್ಲ ಬಾಯಲ್ಲಿ ತುಂಬಿಕೊಂಡು ಬೇವಿನ ಮರದ ಕೆಳಗೆ ಕುಳಿತೆ. ಹೆಪ್ಪು ಹಾಕಿದ ಮೇಲೆ ಅಲುಗಾಡಿಸಬಾರದಲ್ಲ! ತಂಪು ಗಾಳಿ ಬೀಸುತ್ತಿತ್ತು. ಕಣ್ಣು ಮುಚ್ಚಿದರೆ, ಹಾಳುಬಿದ್ದ ಓಣಿಯೊಂದಕ್ಕೆ ಬಿಳಿ ಅಂಗಿಯ ಸಜ್ಜನರು ಗಂಟುಮೂಟೆ ಹೊತ್ತು ಮರಳುತ್ತಿದ್ದರು. ಒಬ್ಬಳು ನನ್ನ ದವಡೆಹಲ್ಲಿನ ಅಂಗಳಕ್ಕೆ ನೀರು ಚಿಮುಕಿಸಿದಳು. ಇನ್ನೊಬ್ಬಳು ರಂಗೋಲಿ ಹಾಕಿದಳು. ದೂರದಿಂದ ಗೌರಿ ಕೈಚಾಚಿ ಓಡಿ ಬರುತ್ತಿದ್ದಳು. ಹಾಯೆನಿಸಿತು.

ಶಾಂತಾಬಾಯಿ ಚಹಾಕ್ಕೆ ಕರೆದಳು. ನಾನು ಮಾತಾಡಲಿಲ್ಲ. ಭುಜ ಹಿಡಿದು ಅಲುಗಾಡಿಸಿದಳು. ತುಟಿಯಂಚಿನಿಂದ ಬೆಳ್ಳಗೆ ಇಳಿಯಿತು.

"ಶರಣಪ್ಪಣ್ಣಾ, ಜಲ್ದಿ ಬರ್ರಿ, ಇವ್ರಿಗಿ ಮೂರ್ಛೆ ಬಂದದ!"

ಮೂರ್ಛೆ ಬಂದವರ ಮೂಗಿಗೆ ಚಪ್ಪಲಿ ಹಿಡಿಯುವುದು ನಮ್ಮ ಕಡೆಯ ತುರ್ತು ಚಿಕಿತ್ಸೆ. ಪಕ್ಕದ ಮನೆಯ ಶರಣಪ್ಪ ಆಗಷ್ಟೇ ಹೊಲದಿಂದ ಬಂದಿದ್ದ. ಚಪ್ಪಲಿಯೂ ಅವನ ಜೊತೆಗೇ ಬಂದಿತ್ತು! ಸಜ್ಜನರೆಲ್ಲ ಒಂದೇ ಗುಟುಕಿಗೆ ಹೊಟ್ಟೆಗಿಳಿದರು. ನಾನು ಧಡಕ್ಕನೆ ಎದ್ದೆ. ಎದ್ದ ರಭಸಕ್ಕೆ ಜೇಬಿನಿಂದ ಬೀಡಿ ಕಟ್ಟು ಹಾರಿ ಶಾಂತಾಬಾಯಿಯ ಕಾಲ ಬಳಿ ಬಿತ್ತು.

ಅವಳು ಬಗ್ಗಿ ಎತ್ತಿಕೊಂಡಳು. "ಬಿಟ್ಟು ವರ್ಷ ಆತು ಅಂದಿದ್ರಿ," ಎಂದಳು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಮಗಳ ಜೊತೆ ಗೌರಿ ಬಸ್ಸಿಳಿದು ಬಂದಳು. ಮೊಸರಿನ ಮೀಸೆ ಒರೆಸಿಕೊಂಡು ನಾನು ಕೆನ್ನೆ ಮುಂದೆ ಮಾಡಿದೆ. ಅವಳು ಹತ್ತಿರ ಬಂದು ಮೂಸಿ ನೋಡಿದಳು.

"ಅಜ್ಜಾ, ಮೊಸರಿಗೂ ಬೀಡಿ ವಾಸ್ನಿ ಹತ್ತ್ಯಾದ."

ಸೆರಗಿನೊಳಗೆ ಓಡಿದಳು. ಪಾಪ, ಬಿಳಿ ಅಂಗಿಯ ಸಜ್ಜನರು! ನನ್ನನ್ನು ತಿದ್ದಲು ಬಂದವರಿಗೆ ಅರ್ಧ ಗಂಟೆಯಲ್ಲೇ ಬೀಡಿ ಕಲಿಸಿ ಕಳಿಸಿದ್ದೆ.